ಹನ್ನೆರಡೂವರೆ ಸೆಂಟಿಮೀಟರಿನ ಗನ್‌ಡಮ್

ಆಷಾಢದ ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದ್ದ ದಿನವೇ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಆ ಪೆಟ್ಟಿಗೆ ಬಂತು. ಕೊರಿಯರ್ ಹುಡುಗ ಅದನ್ನು ರೈನ್‌ಕೋಟಿನೊಳಗೆ ಎದೆಗವಚಿಕೊಂಡು ತಂದಿದ್ದರಿಂದ ಹೊರಗಿನ ರಟ್ಟಿನ ಒಂದು ಮೂಲೆ ಮಾತ್ರ ನೆನೆದಿತ್ತು. ಒಳಗಿದ್ದ, ಬಿಡಿ ತುಂಡುಗಳಿಂದ ರೋಬೋಟ್ ಗೊಂಬೆ ಕಟ್ಟುವ, ಜಪಾನಿನ ಬಂದಾಯ್ ಆಟಿಕೆ ಕಂಪನಿಯ ‘ಎಂಟ್ರಿ ಗ್ರೇಡ್ ಆರ್‌ಎಕ್ಸ್-೭೮-೨ ಗನ್‌ಡಮ್’ ಕಿಟ್ಟಿಗೆ ಹನಿ ನೀರೂ ತಾಗಿರಲಿಲ್ಲ. ರಜೆಗೆಂದು ನಮ್ಮಲ್ಲೇ ಉಳಿದಿದ್ದ ಅಕ್ಕನ ಮಗ ಮುಚ್ಚಳದ ಮೇಲಿನ ಚಿತ್ರವನ್ನು ನೋಡುತ್ತಾ, “ಮಾವ, ಇದಕ್ಕೆ ಅಂಟೂ ಬೇಡ, ಕತ್ತರಿಯೂ ಬೇಡವಂತೆ, ಕೈಯಲ್ಲೇ ಮುರಿದು ಜೋಡಿಸಬಹುದಂತೆ” ಎಂದ. ಆ ಮಾತು ಎಷ್ಟರಮಟ್ಟಿಗೆ ನಿಜ, ಹಾಗೆ ಜೋಡಿಸಿದ ಮೇಲೆ ಕೈಗೆ ಸಿಗುವುದು ಬರೀ ಆಟಿಕೆಯೇ ಅಥವಾ ಅದಕ್ಕಿಂತ ಹೆಚ್ಚಿನದೇ ಎಂಬುದನ್ನು ಈ ವಿಮರ್ಶೆಯಲ್ಲಿ ಸಾವಧಾನವಾಗಿ ಹೇಳಬೇಕೆಂದಿದ್ದೇನೆ.

ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವವನು. ಜಪಾನಿನ ಆನಿಮೆಯ (ಅಲ್ಲಿಯ ಕಾರ್ಟೂನ್ ಚಿತ್ರಗಳ) ಈ ಬಿಳಿಯ ದೈತ್ಯ ಯಂತ್ರದ ಚಿತ್ರವನ್ನು ವರ್ಷಗಳಿಂದ ನೋಡುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅದು ಎಷ್ಟೋ ಸಲ ಪೆನ್ಸಿಲ್ಲಿನಲ್ಲಿ ಮೂಡಿದೆ. ಆದರೂ ಅದರ ಎದೆ ಏಕೆ ನೀಲಿ, ಹೊಟ್ಟೆ ಏಕೆ ಕೆಂಪು, ಹಣೆಯ ಮೇಲಿನ ಎರಡು ಕೋಡು ಏಕೆ ಆ ಕೋನದಲ್ಲೇ ಹೊರಚಾಚಿವೆ ಎಂದು ಕೇಳಿಕೊಂಡಿರಲಿಲ್ಲ. ಒಂದೊಂದೇ ತುಂಡನ್ನು ಬೆರಳಲ್ಲಿ ಹಿಡಿದು ಅದರ ಜಾಗಕ್ಕೆ ಕೂರಿಸುವಾಗ ಆ ಪ್ರಶ್ನೆಗಳೆಲ್ಲ ತಾವಾಗಿಯೇ ಎದ್ದವು. ಈ ವಿನ್ಯಾಸವನ್ನು ಅರಿಯಲು ಅದನ್ನು ಕಟ್ಟುವುದೇ ಸರಿಯಾದ ದಾರಿ, ಮತ್ತು ಆ ದಾರಿಗೆ ಇಳಿಯುವವರಿಗೆ ಮಾರುಕಟ್ಟೆಯಲ್ಲಿರುವ ಹಲವು ಕಿಟ್‌ಗಳಲ್ಲಿ ಈ ಅಗ್ಗದ ಕಿಟ್ಟೇ ಮೊದಲ ಮೆಟ್ಟಿಲಾಗಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ವಸ್ತುವಿನ ವಿವರ. ಕಥೆಯೊಳಗಿನ ಗನ್‌ಡಮ್‌ನ ಎತ್ತರ ೧೮ ಮೀಟರ್, ಅಂದರೆ ಸುಮಾರು ಅರವತ್ತು ಅಡಿ. ನಮ್ಮ ಸಾಗರದ ಕಡೆಯ ತೋಟಗಳಲ್ಲಿ ಹಳೆಯ ಅಡಿಕೆ ಮರಗಳು ಮುಟ್ಟುವ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಕೊನೆಗೌಡ ಮರದ ತುದಿಯಲ್ಲಿ ಕುಳಿತು ಕೆಳಗಿನವರಿಗೆ ಕೂಗಿ ಹೇಳುವಾಗ ನಾವು ಕತ್ತೆತ್ತುತ್ತೇವಲ್ಲ, ಆ ಲೆಕ್ಕ. ಕಿಟ್ಟಿನ ಅಳತೆ ೧:೧೪೪ ಆದ್ದರಿಂದ ಜೋಡಿಸಿದ ಗೊಂಬೆ ಸರಿಯಾಗಿ ಹನ್ನೆರಡೂವರೆ ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ೨೦೨೦ರ ಡಿಸೆಂಬರಿನಲ್ಲಿ ಹೊರಬಂದ ಈ ಕಿಟ್ಟಿಗೆ ಜಪಾನಿನಲ್ಲಿ ತೆರಿಗೆ ಬಿಟ್ಟು ೭೦೦ ಯೆನ್ ಬೆಲೆ ಇಟ್ಟಿದ್ದರು. ನನಗೆ ಸಾಗಣೆ ವೆಚ್ಚವೂ ಸೇರಿ ಸಾವಿರ ರೂಪಾಯಿ ದಾಟಿತು. ಅಲ್ಲಿಯ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಇದು ದುಪ್ಪಟ್ಟಿಗೂ ಮಿಗಿಲು. ಆಮದಿನ ಸುಂಕ, ನಡುವಿನ ವ್ಯಾಪಾರಿಯ ಲಾಭ, ಕೊರಿಯರ್ ಎಲ್ಲವನ್ನೂ ಒಪ್ಪಿಕೊಂಡ ಮೇಲೂ ಶಾಲೆಯ ಮಕ್ಕಳ ಮಟ್ಟಿಗೆ ಇದು ಸಣ್ಣ ಮೊತ್ತವಲ್ಲ.

ಅಗ್ಗಕ್ಕೆ ಆಸೆಪಟ್ಟು ಇದಕ್ಕೂ ಮೊದಲು ನಾನೊಮ್ಮೆ ಮೋಸಹೋಗಿದ್ದೆ. ಆನ್‌ಲೈನ್ ಮಾರಾಟಗಾರನೊಬ್ಬ ಅರ್ಧ ಬೆಲೆಗೆ ಕೊಡುವುದಾಗಿ ಹೇಳಿ ಕಳಿಸಿದ್ದು ನಕಲಿ ಸರಕು. ಪೆಟ್ಟಿಗೆಯ ಚಿತ್ರ ಅದೇ, ಒಳಗಿನ ಪ್ಲಾಸ್ಟಿಕ್ ಮಾತ್ರ ಎಣ್ಣೆ ಸವರಿದಂತೆ ಜಿಡ್ಡು. ತೂತಿಗೆ ಕಡ್ಡಿ ಕೂರದು, ಕೂತರೆ ನಿಲ್ಲದು, ಮೊಣಕಾಲು ಜೋಡಿಸುವಾಗ ಎರಡು ಹೋಳಾಗಿ ಸೀಳಿತು. ಹಣ ವಾಪಸು ಬರಲಿಲ್ಲ. ಆ ಕಹಿ ಅನುಭವದಿಂದ ಒಂದು ಉಪಕಾರವೂ ಆಯಿತು: ಅಚ್ಚಿನ ನಿಖರತೆ ಎಂದರೆ ಏನು ಎಂಬುದು ಅಸಲಿ ಕಿಟ್ಟನ್ನು ಕೈಗೆತ್ತಿಕೊಂಡ ಮೊದಲ ನಿಮಿಷದಲ್ಲೇ ತಿಳಿಯಿತು.

ತುಂಡುಗಳೆಲ್ಲ ಕಿಟಕಿಯ ಸರಳಿನಂಥ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡಿರುತ್ತವೆ. ಇವನ್ನು ರನ್ನರ್ ಎನ್ನುತ್ತಾರೆ. ಸಾಮಾನ್ಯ ಕಿಟ್‌ಗಳಲ್ಲಿ ತುಂಡನ್ನು ಬಿಡಿಸಲು ನಿಪ್ಪರ್ ಎಂಬ ಕತ್ತರಿಸುವ ಇಕ್ಕಳ ಬೇಕು, ಉಳಿದ ಮೊಳೆಯನ್ನು ಬ್ಲೇಡಿನಿಂದ ಹೆರೆದು ಪಾಲಿಶ್ ಪೇಪರಿನಲ್ಲಿ ಉಜ್ಜಬೇಕು. ಇಲ್ಲಿ ಚೌಕಟ್ಟಿಗೂ ತುಂಡಿಗೂ ನಡುವಿನ ಸೇತುವೆಯನ್ನು ಎಷ್ಟು ಸಪೂರ ಮಾಡಿದ್ದಾರೆಂದರೆ ಹೆಬ್ಬೆರಳಿನಿಂದ ಮೆಲ್ಲನೆ ತಿರುಚಿದೊಡನೆ ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ಹುಡುಗ ಮೊದಲ ತುಂಡನ್ನು ತಿರುಚುವ ಬದಲು ಬಗ್ಗಿಸಿ ಎಳೆದ. ನೀಲಿ ತುಂಡಿನ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಕಲೆ ಉಳಿಯಿತು. ಎರಡನೆಯದರಿಂದ ಕೈ ಹದಕ್ಕೆ ಬಂತು. ಬಿಳಿಯ ತುಂಡುಗಳಲ್ಲಿ ಇಂಥ ಕಲೆ ಕಣ್ಣಿಗೆ ಬೀಳುವುದಿಲ್ಲ, ನೀಲಿ ಮತ್ತು ಕೆಂಪಿನಲ್ಲಿ ಕಾಣುತ್ತದೆ. ಆದ್ದರಿಂದ ಮಕ್ಕಳ ಕೈಗೆ ಕೊಡುವಾಗ ಬಿಳಿಯಿಂದ ಆರಂಭಿಸಲು ಹೇಳುವುದು ಒಳ್ಳೆಯದು. ಸೂಚನೆಯ ಹಾಳೆ ಜಪಾನಿ ಭಾಷೆಯಲ್ಲಿದ್ದರೂ ಚಿತ್ರ, ಅಕ್ಷರ, ಸಂಖ್ಯೆಗಳಿಂದಲೇ ನಡೆಯುತ್ತದೆ. ಸಂಜೆ ಆರೂವರೆಗೆ ಕರೆಂಟ್ ಹೋಯಿತು. ಎಮರ್ಜೆನ್ಸಿ ಲ್ಯಾಂಪಿನ ಬೆಳಕಿನಲ್ಲಿ ಎಡಗಾಲನ್ನು ಮುಗಿಸಿದೆವು. ಹಾಳೆಯ ಸಣ್ಣ ಸಂಖ್ಯೆಗಳು ನನಗೆ ಕಾಣದಿದ್ದಾಗ ಹುಡುಗ ಓದಿ ಹೇಳುತ್ತಿದ್ದ, ನಾನು ಬೆರಳ ತುದಿಯಿಂದ ತೂತು ಹುಡುಕಿ ಒತ್ತುತ್ತಿದ್ದೆ. ಕತ್ತಲಲ್ಲೂ ತಪ್ಪು ಜೋಡಣೆ ಆಗಲಿಲ್ಲ, ಏಕೆಂದರೆ ತಪ್ಪು ದಿಕ್ಕಿನಲ್ಲಿ ಹಿಡಿದ ತುಂಡು ಒಳಗೆ ಇಳಿಯುವುದೇ ಇಲ್ಲ.

ಈ ಕಿಟ್ಟಿನ ನಿಜವಾದ ಜಾಣ್ಮೆ ಇರುವುದು ತಲೆಯಲ್ಲಿ. ಒಂದು ಅಡಿಕೆಯಷ್ಟೂ ದಪ್ಪವಿಲ್ಲದ ಆ ತಲೆಗೆ ಹಳದಿ ಕಣ್ಣು, ಕೆಂಪು ಗಲ್ಲ, ಬಿಳಿಯ ಮುಖವಾಡ, ಹಣೆಯ ಮೇಲೆ ಹಳದಿಯ ‘ವಿ’ ಆಕಾರದ ಆಂಟೆನಾ ಎಲ್ಲವೂ ಬೇಕು. ಬೇರೆ ಕಿಟ್‌ಗಳಾಗಿದ್ದರೆ ಕಣ್ಣಿಗೆ ಸ್ಟಿಕ್ಕರ್ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಇಲ್ಲಿ ಸ್ಟಿಕ್ಕರ್ ಒಂದೂ ಇಲ್ಲ. ಒಳಗೆ ಕೂರಿಸಿದ ಹಳದಿಯ ತುಂಡು ಮುಖವಾಡದ ಸೀಳಿನಿಂದ ಹೊರಗೆ ಇಣುಕಿ ತಾನೇ ಕಣ್ಣಾಗುತ್ತದೆ. ಮುಖಕ್ಕೆ ಮೂಗಿಲ್ಲ, ಬಾಯಿಲ್ಲ. ಆ ಜಾಗದಲ್ಲಿ ಎರಡು ಸಣ್ಣ ಸೀಳುಗಳಿವೆ. ಇಷ್ಟಿದ್ದರೂ ಅದು ಯಾರನ್ನೋ ದಿಟ್ಟಿಸುತ್ತಿರುವ ಮುಖವೆಂದು ಅನ್ನಿಸುವುದಕ್ಕೆ ಕಾರಣ ಆ ಎರಡು ಕಣ್ಣು ಮತ್ತು ಅವುಗಳ ಮೇಲೆ ಹುಬ್ಬಿನಂತೆ ಬಾಗಿರುವ ಶಿರಸ್ತ್ರಾಣದ ಅಂಚು. ಜಪಾನಿನ ಸಮುರಾಯಿಗಳ ಶಿರಸ್ತ್ರಾಣದ ಮುಂಭಾಗದಲ್ಲಿ ಹೀಗೇ ಎರಡು ಕೋಡಿನ ಅಲಂಕಾರವಿರುತ್ತಿತ್ತು. ಯಂತ್ರವಿನ್ಯಾಸಕಾರ ಕುನಿಯೊ ಓಕಾವಾರಾ ಆ ನೆನಪನ್ನು ರೇಡಿಯೊ ಆಂಟೆನಾ ಆಗಿ ಯಂತ್ರದ ಹಣೆಗೇರಿಸಿದರು.

ಜೋಡಿಸಿದ ಗೊಂಬೆಯನ್ನು ಮರುವಾರ ಸಾಗರಕ್ಕೆ ಹೋದಾಗ ಜೇಬಿನಲ್ಲಿಟ್ಟುಕೊಂಡು ಹೋಗಿ, ನನಗೆ ಬಹಳ ಕಾಲದಿಂದ ಪರಿಚಯವಿರುವ ಹಿರಿಯ ಗುಡಿಗಾರರೊಬ್ಬರ ಕೈಗೆ ಕೊಟ್ಟೆ. ಗಂಧದ ಮರದಲ್ಲಿ ಬಳ್ಳಿ, ಹೂವು, ದೇವರ ಮೂರ್ತಿಗಳನ್ನು ಕೆತ್ತುತ್ತಲೇ ಬೆಳೆದ ಅವರು ಉಳಿಯನ್ನು ಪಕ್ಕಕ್ಕಿಟ್ಟು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆನಿಮೆಯ ಹೆಸರನ್ನೇ ಕೇಳದ ಅವರು ಹೇಳಿದ್ದು ಇಷ್ಟು: “ಮೇಷ್ಟ್ರೇ, ಇದು ಮುಂದಲೆ ಕಟ್ಟಿದ ಪುಂಡುವೇಷ ಇದ್ದಂಗಿದೆ. ಮಾಡಿದವನು ಹಣೆಯಿಂದ ಶುರು ಮಾಡಿದಾನೆ, ಉಳಿದಿದ್ದೆಲ್ಲ ಅದರ ಹಿಂದೆ ಬಂದಿದೆ.” ಆ ಮಾತು ನನ್ನನ್ನು ಬಿಡಲೇ ಇಲ್ಲ. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ರಂಗದ ಬೆಳಕು ಎಷ್ಟೇ ಮಂದವಿದ್ದರೂ ಬಂದದ್ದು ಯಾವ ವೇಷವೆಂದು ದೂರದಲ್ಲಿ ಕುಳಿತವನಿಗೆ ತಲೆಯ ಕಟ್ಟಿನಿಂದಲೇ ಗೊತ್ತಾಗುತ್ತದೆ. ಕೇದಗೆ ಮುಂದಲೆ ಕಂಡರೆ ಅಭಿಮನ್ಯುವಿನಂಥ ಎಳೆಯ ವೀರ. ರಾಜನ ಕಿರೀಟವೇ ಬೇರೆ, ರಾಕ್ಷಸನ ಬಣ್ಣದ ವೇಷವೇ ಬೇರೆ. ಗನ್‌ಡಮ್ ನಿಂತಿರುವುದೂ ಇದೇ ಸೂತ್ರದ ಮೇಲೆ. ಅದರ ನೆರಳನ್ನಷ್ಟೇ ಗೋಡೆಯ ಮೇಲೆ ಬಿಟ್ಟು ನೋಡಿದೆ. ಕೋಡು, ಚೌಕ ಹೆಗಲು, ಬೆನ್ನ ಹಿಂದೆ ಎದ್ದು ನಿಂತ ಎರಡು ಖಡ್ಗದ ಹಿಡಿಗಳು, ಅಗಲವಾದ ಪಾದ. ಬಣ್ಣವೊಂದೂ ಇಲ್ಲದಿದ್ದರೂ ಗುರುತು ತಪ್ಪುವಂತಿಲ್ಲ.

ಅಭಿಮನ್ಯುವಿನ ಹೆಸರು ಬಂದದ್ದು ಆಕಸ್ಮಿಕವಾಗಿ, ಆದರೆ ಹೋಲಿಕೆ ಆಳವಾಗಿದೆ. ೧೯೭೯ರ ಏಪ್ರಿಲ್ ೭ರಂದು ನಗೊಯಾದ ಟಿವಿ ವಾಹಿನಿಯಲ್ಲಿ ಆರಂಭವಾದ ಮೂಲ ಧಾರಾವಾಹಿಯಲ್ಲಿ ಈ ಯಂತ್ರವನ್ನು ನಡೆಸುವ ಅಮುರೊ ರೇ ಹದಿನೈದರ ಹುಡುಗ. ಯುದ್ಧ ತನ್ನ ಊರಿನೊಳಕ್ಕೇ ನುಗ್ಗಿದಾಗ ಕೈಗೆ ಸಿಕ್ಕ ಕೈಪಿಡಿಯನ್ನು ಓದಿ ಅದರೊಳಗೆ ಹತ್ತುತ್ತಾನೆ; ಗೆದ್ದರೂ ನಿದ್ದೆಗೆಡುತ್ತಾನೆ, ಒಮ್ಮೆ ಯಂತ್ರವನ್ನೇ ಕದ್ದು ಓಡಿಹೋಗುತ್ತಾನೆ. ನಿರ್ದೇಶಕ ಯೋಶಿಯುಕಿ ತೋಮಿನೊ ಅವರು ದೈತ್ಯ ರೋಬೋಟ್ ಕಥೆಗಳಿಗೆ ತಂದ ಬದಲಾವಣೆ ಇದೇ. ಎದುರಾಳಿಗಳೂ ಇಲ್ಲಿ ಬೇರೆ ಗ್ರಹದ ರಾಕ್ಷಸರಲ್ಲ. ಭೂಮಿಯ ಆಳ್ವಿಕೆಯಿಂದ ಬಿಡುಗಡೆ ಬೇಕೆಂದು ಯುದ್ಧಕ್ಕಿಳಿದ ಅಂತರಿಕ್ಷ ವಸಾಹತಿನ ಮನುಷ್ಯರು, ಅವರಿಗೂ ಹೆಂಡತಿ ಮಕ್ಕಳುಂಟು.

ವಿನ್ಯಾಸದ ವಂಶಾವಳಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಿತ್ಸುತೆರು ಯೊಕೊಯಾಮಾ ಅವರು ೧೯೫೬ರಲ್ಲಿ ಕಾಮಿಕ್ಸ್ ಆಗಿ ಆರಂಭಿಸಿದ ತೆತ್ಸುಜಿನ್-೨೮ರಲ್ಲಿ ಹುಡುಗ ಹೊರಗೆ ನಿಂತು ರಿಮೋಟಿನಿಂದ ಉಕ್ಕಿನ ಮನುಷ್ಯನನ್ನು ನಡೆಸುತ್ತಾನೆ. ೧೯೮೦ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ ಬರುತ್ತಿದ್ದ, ಕೈಗಡಿಯಾರಕ್ಕೆ ಹುಡುಗ ಆಜ್ಞೆ ಕೊಡುತ್ತಿದ್ದ ‘ಜಯಂಟ್ ರೋಬೋಟ್’ ನನ್ನ ತಲೆಮಾರಿನವರಿಗೆ ನೆನಪಿರಬಹುದು. ಅದೂ ಯೊಕೊಯಾಮಾ ಅವರದೇ ಸೃಷ್ಟಿ. ೧೯೭೨ರ ಮಾಜಿಂಗರ್ ಝಡ್‌ನಲ್ಲಿ ಗೋ ನಗಾಯ್ ಹುಡುಗನನ್ನು ಯಂತ್ರದ ನೆತ್ತಿಯ ಮೇಲೆ ಕೂರಿಸಿದರು. ಗನ್‌ಡಮ್‌ನಲ್ಲಿ ಅವನು ಹೊಟ್ಟೆಯೊಳಗೆ ಇಳಿದ. ಕೈಯಿಂದ ನೆತ್ತಿಗೆ, ನೆತ್ತಿಯಿಂದ ಒಡಲಿಗೆ ಬಂದ ಈ ಪಯಣದಲ್ಲಿ ಯಂತ್ರ ದೇವರಾಗಿದ್ದದ್ದು ವಾಹನವಾಯಿತು, ಸೈನ್ಯದ ದಾಸ್ತಾನಿನಲ್ಲಿ ಮಾದರಿ ಸಂಖ್ಯೆಯಿರುವ ಸಾಮಾನಾಯಿತು. ಆರ್‌ಎಕ್ಸ್-೭೮ ಎಂಬ ಹೆಸರೇ ಒಂದು ಕಡತದ ಗುರುತು. ಖಾಲಿ ಯಂತ್ರದ ತೂಕ ೪೩.೪ ಟನ್, ಸರ್ವಸಜ್ಜಿತವಾದಾಗ ೬೦ ಟನ್ ಎಂದು ಲೆಕ್ಕ ಬರೆದಿಟ್ಟಿದ್ದಾರೆ. ತಲೆಯ ಎರಡೂ ಬದಿಯಲ್ಲಿ ೬೦ ಮಿಲಿಮೀಟರಿನ ಗನ್ನುಗಳಿವೆ. ರಾಡಾರ್ ಇರುವ ಕಾಲದಲ್ಲಿ ಯಂತ್ರಗಳು ಹತ್ತಿರ ಬಂದು ಖಡ್ಗ ಹಿಡಿದು ಏಕೆ ಹೋರಾಡಬೇಕು ಎಂಬ ಪ್ರಶ್ನೆಗೂ ಮಿನೊವ್‌ಸ್ಕಿ ಕಣಗಳೆಂಬ ಕಲ್ಪಿತ ವಿಜ್ಞಾನದಿಂದ ಉತ್ತರ ಕೊಟ್ಟಿದ್ದಾರೆ: ಆ ಕಣಗಳು ರಾಡಾರನ್ನು ಕುರುಡಾಗಿಸುವುದರಿಂದ ಯುದ್ಧ ಮತ್ತೆ ಕಣ್ಣಳತೆಗೆ ಬರುತ್ತದೆ.

ಇಲ್ಲಿಯೇ ಕಿಟ್ಟಿನ ಒಂದು ಕೊರತೆಯನ್ನು ಹೇಳಬೇಕು. ಕಥೆಯಲ್ಲಿ ಅಮುರೊ ಕುಳಿತುಕೊಳ್ಳುವ ಜಾಗ ಒಂದು ಪುಟ್ಟ ವಿಮಾನ. ಅದು ಮಡಚಿಕೊಂಡು ಯಂತ್ರದ ನಡುಮೈಯಾಗುತ್ತದೆ, ಯಂತ್ರ ನಾಶವಾಗುವ ಹೊತ್ತಿಗೆ ಹುಡುಗನನ್ನು ಹೊತ್ತು ಹೊರಗೆ ಹಾರುತ್ತದೆ. ಕೆಂಪು ಹೊಟ್ಟೆಯ ಅರ್ಥ ಇರುವುದೇ ಅಲ್ಲಿ. ಈ ಕಿಟ್ಟಿನಲ್ಲಿ ಆ ವಿಮಾನವಿಲ್ಲ; ನಡುಮೈ ಮುಚ್ಚಿದ ಡಬ್ಬಿಯಂತಿದೆ. ದೊಡ್ಡ ಅಳತೆಯ, ದುಬಾರಿಯ ಕೆಲವು ಕಿಟ್‌ಗಳಲ್ಲಿ ಅದನ್ನು ಕೊಟ್ಟಿದ್ದಾರೆ. ಹನ್ನೆರಡೂವರೆ ಸೆಂಟಿಮೀಟರಿನಲ್ಲಿ, ಈ ಬೆಲೆಯಲ್ಲಿ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂದು ಗೊತ್ತಿದ್ದರೂ, ವಿನ್ಯಾಸದ ಹೃದಯವೇ ಕಾಣದಂತಾಯಿತಲ್ಲ ಎಂಬ ಬೇಸರ ನನಗೆ ಉಳಿಯಿತು.

ಬಣ್ಣದ ಕಥೆ ಬೇರೆಯೇ ಇದೆ. ಯುದ್ಧದ ಯಂತ್ರಕ್ಕೆ ಬಿಳಿ, ನೀಲಿ, ಕೆಂಪು, ಹಳದಿ ಯಾರು ಬಳಿಯುತ್ತಾರೆ? ತೋಮಿನೊ ಅವರ ಮನಸ್ಸು ಬಿಳಿಯ ಕಡೆಗಿತ್ತು. ಆದರೆ ಧಾರಾವಾಹಿಗೆ ಹಣ ಹಾಕುತ್ತಿದ್ದದ್ದು ಕ್ಲೋವರ್ ಎಂಬ ಆಟಿಕೆ ಕಂಪನಿ. ಅಂಗಡಿಯ ಕಪಾಟಿನಲ್ಲಿ ಮಕ್ಕಳ ಕಣ್ಣು ಸೆಳೆಯುವ ಬಣ್ಣ ಅವರಿಗೆ ಬೇಕಿತ್ತು. ಆ ಎಳೆದಾಟದಿಂದ ಹುಟ್ಟಿದ ಹೊಂದಾಣಿಕೆಯನ್ನು ಕಿಟ್ ಕಟ್ಟುವಾಗ ಬೆರಳಿನಲ್ಲೇ ಅಳೆಯಬಹುದು: ತೋಳು, ತೊಡೆ, ಕಾಲು, ತಲೆಯ ದೊಡ್ಡ ರಾಶಿಯೆಲ್ಲ ಬಿಳಿ, ನೀಲಿ ಎದೆಯಲ್ಲಿ, ಕೆಂಪು ಹೊಟ್ಟೆ ಮತ್ತು ಪಾದದಲ್ಲಿ, ಹಳದಿ ಎದೆಯ ಗಾಳಿಕಂಡಿಯಲ್ಲಿ. ಬಣ್ಣವೆಲ್ಲ ದೇಹದ ನಟ್ಟನಡುವಿನ ಗೆರೆಗೆ ಬಂದು ಸೇರಿದೆ. ಕೈಕಾಲು ಎಷ್ಟೇ ಬೀಸಿದರೂ ಕಣ್ಣು ಎದೆಗೆ ಮರಳುತ್ತದೆ. ಒತ್ತಾಯದಿಂದ ಬಂದ ಬಣ್ಣವನ್ನು ಇಷ್ಟು ಹದವಾಗಿ ಹಂಚಿದ್ದು ದೊಡ್ಡ ವಿನ್ಯಾಸಕಾರನ ಕೆಲಸ. ನನ್ನ ಮಕ್ಕಳಿಗೆ ವರ್ಣಸಂಯೋಜನೆಯ ಪಾಠ ಮಾಡುವಾಗ ಇನ್ನು ಮುಂದೆ ಈ ಗೊಂಬೆಯನ್ನು ಮೇಜಿನ ಮೇಲೆ ಇಡುವವನಿದ್ದೇನೆ.

ಆ ಬಣ್ಣಗಳು ಮೊದಲಿಗೆ ಕ್ಲೋವರ್ ಕಂಪನಿಯ ಕೈಹಿಡಿಯಲಿಲ್ಲ. ವೀಕ್ಷಕರ ಸಂಖ್ಯೆ ಕಡಿಮೆಯಾಗಿ ಧಾರಾವಾಹಿಯನ್ನು ಮೊಟಕುಗೊಳಿಸಿದರು. ೧೯೮೦ರ ಜನವರಿಯಲ್ಲಿ ೪೩ನೆಯ ಕಂತಿಗೆ ಅದು ಮುಗಿಯಿತು. ಬಳಿಕ ಮರುಪ್ರಸಾರದಲ್ಲಿ ಜನ ಅದನ್ನು ಕಂಡುಕೊಂಡರು. ೧೯೮೦ರ ಜುಲೈನಲ್ಲಿ ಬಂದಾಯ್ ಇದೇ ೧:೧೪೪ ಅಳತೆಯಲ್ಲಿ ೩೦೦ ಯೆನ್ನಿನ ಪ್ಲಾಸ್ಟಿಕ್ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ೧೯೮೧ರ ಫೆಬ್ರವರಿ ೨೨ರಂದು ಟೋಕಿಯೊದ ಶಿಂಜುಕುವಿನಲ್ಲಿ ಸಿನಿಮಾ ಆವೃತ್ತಿಯ ಪ್ರಚಾರಕ್ಕೆಂದು ಕರೆದ ಸಭೆಗೆ ಯುವಜನ ಕಿಕ್ಕಿರಿದು ಬಂದರು. ಗನ್‌ಡಮ್ ಉಳಿದುಕೊಂಡದ್ದರಲ್ಲಿ ಆ ೩೦೦ ಯೆನ್ನಿನ ಕಿಟ್ಟಿನ ಪಾಲು ಬಹಳ ದೊಡ್ಡದೆಂದು ನಾನು ನಂಬುತ್ತೇನೆ. ಅದು ಒಂದೇ ಬಿಳಿ ಬಣ್ಣದಲ್ಲಿತ್ತು, ಅಂಟು ಹಾಕಿ ಜೋಡಿಸಬೇಕಿತ್ತು, ಬಣ್ಣವನ್ನು ಮಕ್ಕಳೇ ಬಳಿಯಬೇಕಿತ್ತು. ಸಿದ್ಧ ಆಟಿಕೆಯನ್ನು ಕೊಂಡವನು ಅದರ ಒಡೆಯನಷ್ಟೇ ಆಗುತ್ತಾನೆ. ಬಿಡಿ ತುಂಡುಗಳಿಂದ ಕಟ್ಟಿದವನು ತಯಾರಿಕೆಯಲ್ಲೇ ಪಾಲುದಾರನಾಗುತ್ತಾನೆ. ಗನ್‌ಡಮ್ ಮತ್ತು ಪ್ಲಾಸ್ಟಿಕ್ ಎರಡೂ ಸೇರಿ ‘ಗನ್‌ಪ್ಲಾ’ ಎಂಬ ಪದವೇ ಹುಟ್ಟಿಕೊಂಡಿತು, ಇಂದಿನವರೆಗೆ ೫೦ ಕೋಟಿಗೂ ಹೆಚ್ಚು ಕಿಟ್‌ಗಳು ಮಾರಾಟವಾಗಿವೆ. ನಾಲ್ಕು ದಶಕಗಳ ಬಳಿಕ ಅದೇ ಅಳತೆಗೆ ಮರಳಿ, ಅಂಟು ಬಣ್ಣಗಳ ಹಂಗಿಲ್ಲದೆ ಮಾಡಿದ ಈ ಎಂಟ್ರಿ ಗ್ರೇಡ್ ಕಿಟ್ ಆ ಮೊದಲ ಕಿಟ್ಟಿನ ನೇರ ಮೊಮ್ಮಗು.

ಪೂರ್ಣ ಗಾತ್ರದ ಪ್ರತಿಮೆಗಳ ಬಗ್ಗೆ ಎರಡು ಮಾತು ಸಾಕು. ಮೂವತ್ತನೆಯ ವರ್ಷದ ನೆನಪಿಗೆ ೨೦೦೯ರಲ್ಲಿ ಟೋಕಿಯೊದ ಒಡಾಯ್ಬಾದಲ್ಲಿ ೧೮ ಮೀಟರಿನ ಗನ್‌ಡಮ್ ನಿಂತಾಗ ಎರಡು ತಿಂಗಳೊಳಗೆ ೪೦ ಲಕ್ಷಕ್ಕೂ ಹೆಚ್ಚು ಜನ ನೋಡಿಹೋದರು. ೨೦೨೦ರ ಡಿಸೆಂಬರಿನಿಂದ ೨೦೨೪ರ ಮಾರ್ಚ್‌ವರೆಗೆ ಯೊಕೊಹಾಮಾದ ಬಂದರಿನಲ್ಲಿ ಕೈಕಾಲು ಆಡಿಸುವ ಗನ್‌ಡಮ್ ಇತ್ತು. ೨೦೨೫ರ ಒಸಾಕಾ ವಿಶ್ವ ಪ್ರದರ್ಶನದಲ್ಲಿ ಒಂದು ಮೊಣಕಾಲೂರಿ ಆಕಾಶಕ್ಕೆ ಕೈ ಚಾಚಿದ ಗನ್‌ಡಮ್ ನಿಂತಿತು. ಟಿವಿಯ ಪರದೆಗಾಗಿ ಕೆಲವೇ ಗೆರೆಗಳಲ್ಲಿ ಬರೆದ ಆಕೃತಿ ಅರವತ್ತು ಅಡಿಗೆ ಏರಿದರೂ ಹನ್ನೆರಡೂವರೆ ಸೆಂಟಿಮೀಟರಿಗೆ ಇಳಿದರೂ ಕೆಡುವುದಿಲ್ಲವೆಂಬುದು ಈ ಪ್ರತಿಮೆಗಳಿಂದ ನನಗೆ ಮನವರಿಕೆಯಾದ ಸಂಗತಿ.

ಮತ್ತೆ ಮೇಜಿಗೆ ಬರೋಣ. ಜೋಡಣೆ ಮುಗಿದ ಮೇಲೆ ಗೊಂಬೆಯ ಚಲನೆ ನನ್ನ ನಿರೀಕ್ಷೆಯನ್ನು ಮೀರಿತು. ಮೊಣಕಾಲು ಚೆನ್ನಾಗಿ ಮಡಚುತ್ತದೆ, ಮಂಡಿಯೂರಿ ಕೂರಿಸಬಹುದು. ಹೆಗಲು ಮುಂದಕ್ಕೆ ಚಾಚುತ್ತದೆ. ಪಾದವನ್ನು ಒಳಮುಖವಾಗಿ ಓರೆ ಮಾಡಿ ಕಾಲಗಲಿಸಿ ನಿಲ್ಲಿಸಿದರೂ ಅಂಗಾಲು ಮೇಜಿಗೆ ಅಂಟಿಕೊಂಡಿರುತ್ತದೆ. ಬೆರಳುಗಳು ಮಾತ್ರ ಮಡಚುವುದಿಲ್ಲ. ಪೆಟ್ಟಿಗೆಯಲ್ಲಿ ರೈಫಲ್ ಮತ್ತು ಗುರಾಣಿ ಇವೆ, ಬೆನ್ನಿನ ಖಡ್ಗಕ್ಕೆ ಹೊಳೆಯುವ ಅಲಗಿಲ್ಲ, ಬಜೂಕಾ ಇಲ್ಲ. ‘ಲೈಟ್ ಪ್ಯಾಕೇಜ್’ ಎಂಬ ಇನ್ನೂ ಅಗ್ಗದ ರೂಪವೊಂದಿದೆ. ಅದರಲ್ಲಿ ರೈಫಲ್ಲೂ ಗುರಾಣಿಯೂ ಇರುವುದಿಲ್ಲ. ಕೊಳ್ಳುವವರು ಪೆಟ್ಟಿಗೆಯ ಮೇಲಿನ ಹೆಸರನ್ನು ಎರಡು ಸಲ ಓದಿಕೊಳ್ಳಬೇಕು.

ಮೂಲ ಧಾರಾವಾಹಿಯ ಕೊನೆಯ ಕಂತಿನಲ್ಲಿ ತಲೆಯೂ ಎಡಗೈಯೂ ಹೋದ ಗನ್‌ಡಮ್ ಬಲಗೈಯ ರೈಫಲನ್ನು ನೆಟ್ಟಗೆ ಮೇಲಕ್ಕೆತ್ತಿ ಕೊನೆಯ ಗುಂಡು ಹಾರಿಸುವ ಚಿತ್ರವೊಂದಿದೆ. ಜಪಾನಿನಲ್ಲಿ ಅದನ್ನು ಅರಿಯದವರು ಕಡಿಮೆ. ಹುಡುಗನಿಗೆ ಆ ದೃಶ್ಯ ತೋರಿಸಿದೆ. ಅವನು ಮಾತಾಡದೆ ಗೊಂಬೆಯ ತಲೆಯನ್ನು ಬಿಡಿಸಿದ, ಎಡದ ತೋಳನ್ನು ಹೆಗಲ ಕೀಲಿನಿಂದ ಎಳೆದ, ಬಲಗೈಯನ್ನು ನೇರ ಮೇಲಕ್ಕೆ ತಿರುಗಿಸಿ ಬೆನ್ನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದ. ಗೊಂಬೆ ಆಸರೆಯಿಲ್ಲದೆ ನಿಂತಿತು. ನೋಡಿದವರ ಕಣ್ಣಿಗೆ ಮೊದಲು ಬೀಳುವ ಕೋಡು, ಕಣ್ಣುಗಳೇ ಇಲ್ಲದಾಗಲೂ ಎದೆಯ ನೀಲಿ, ಹೊಟ್ಟೆಯ ಕೆಂಪು ಮತ್ತು ಎತ್ತಿದ ಆ ತೋಳಿನಿಂದ ಅದು ಗನ್‌ಡಮ್ ಆಗಿಯೇ ಉಳಿದಿತ್ತು. ಹಣೆಯಿಂದ ಶುರುವಾಗಿದೆ ಎಂದ ಗುಡಿಗಾರರಿಗೆ ಇದನ್ನೂ ಒಮ್ಮೆ ತೋರಿಸಬೇಕು. ತೋಮಿನೊ ಅವರು ತಮ್ಮ ನಾಯಕ ಯಂತ್ರವನ್ನು ಕೊನೆಗೆ ಬಿಟ್ಟುಬಿಡಬೇಕಾದ ವಾಹನವಾಗಿಯೇ ಕಂಡಿದ್ದರೆಂಬುದು ಆ ಕ್ಷಣದಲ್ಲಿ ಹುಡುಗನ ಮುಖದಲ್ಲಿ ನನಗೆ ಕಾಣಿಸಿತು.

ಇದೇ ಅಳತೆಯಲ್ಲಿ ೨೦೧೦ರಲ್ಲಿ ಬಂದ ರಿಯಲ್ ಗ್ರೇಡ್ ಕಿಟ್ ಇದೆ, ೨೦೨೪ರಲ್ಲಿ ಅದರ ಎರಡನೆಯ ಆವೃತ್ತಿಯೂ ಬಂದಿದೆ. ಒಳಗಿನ ಅಸ್ಥಿಪಂಜರ, ಉಗುರಿನಷ್ಟು ಸಣ್ಣ ಹೊದಿಕೆಗಳು, ಚುಕ್ಕೆಯಂಥ ಗುರುತುಪಟ್ಟಿಗಳಿಂದ ಅವು ಬೆರಗು ಹುಟ್ಟಿಸುತ್ತವೆ. ಆದರೆ ಅವನ್ನು ಕಟ್ಟುವಾಗ ಗಮನವೆಲ್ಲ ಚಿಮುಟ ಮತ್ತು ತುಂಡುಗಳ ಮೇಲೇ ಹೋಗಿ, ಆಕೃತಿಯ ಒಟ್ಟಂದ ಹಿಂದೆ ಸರಿಯುತ್ತದೆ. ಎಂಟ್ರಿ ಗ್ರೇಡಿನಲ್ಲಿ ಗೆರೆ ಕಡಿಮೆ, ಸಮತಟ್ಟಾದ ಮೈ ಹೆಚ್ಚು. ಓಕಾವಾರಾ ಅವರ ಮೂಲ ರೇಖಾಚಿತ್ರಕ್ಕೆ ಅದು ಹತ್ತಿರ. ಮೊದಲ ಸಲ ಕಟ್ಟುವ ಯಾರಿಗಾದರೂ, ಹತ್ತು ವರ್ಷದ ಮಗುವಿಗಾಗಲಿ ನಿವೃತ್ತರಿಗಾಗಲಿ, ನಾನು ಇದನ್ನೇ ಹೇಳುತ್ತೇನೆ. ಒಂದು ಸಂಜೆ ಸಾಕು. ತುಂಡುಗಳು ಸೇರುವ ಸಂದುಗಳನ್ನು ರಕ್ಷಾಕವಚದ ಗೆರೆಗಳಂತೆ ಕಾಣುವ ಜಾಗಕ್ಕೇ ತಂದಿರುವುದರಿಂದ ಜೋಡಿಸಿದ ಮೇಲೂ ಮುಚ್ಚಬೇಕಾದ ಬಿರುಕು ಉಳಿಯುವುದಿಲ್ಲ. ಆ ಗೆರೆಗಳನ್ನು ಸ್ವಲ್ಪ ಎತ್ತಿ ತೋರಿಸಬೇಕೆನಿಸಿದರೆ ೦.೩ ಮಿಲಿಮೀಟರಿನ ಮೆಕ್ಯಾನಿಕಲ್ ಪೆನ್ಸಿಲ್ ಹಿಡಿದು ಮೆಲ್ಲಗೆ ಎಳೆದು, ಹೊರಗೆ ಹರಡಿದ ಸೀಸದ ಪುಡಿಯನ್ನು ರಬ್ಬರಿನಿಂದ ಒರೆಸಿದರೆ ಸಾಕು. ಬಿಳಿಯ ಮೇಲೆ ಕಪ್ಪು ಶಾಯಿಗಿಂತ ಆ ಬೂದು ಬಣ್ಣವೇ ಚೆಂದ.

ಮಲೆನಾಡಿನವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪ್ಲಾಸ್ಟಿಕ್ಕಿನ ಹೊಳಪು ಅಡಗಿಸಲು ಕೊನೆಗೆ ಮ್ಯಾಟ್ ಸ್ಪ್ರೇ ಹೊಡೆಯುವ ರೂಢಿಯಿದೆ, ಹೊಡೆದ ಮೇಲೆ ಗೊಂಬೆಯ ಕಳೆಯೇ ಬದಲಾಗುತ್ತದೆ. ಮಳೆಗಾಲದಲ್ಲಿ ಅದನ್ನು ಮಾಡಬೇಡಿ. ಸ್ಪ್ರೇಯ ದ್ರಾವಕ ಬೇಗ ಆವಿಯಾಗುತ್ತಾ ಮೈಯನ್ನು ತಂಪಾಗಿಸುತ್ತದೆ. ಗಾಳಿಯಲ್ಲಿ ನೀರಿನಂಶ ತುಂಬಿರುವಾಗ ಆ ತೇವ ಲೇಪದೊಳಗೆ ಸಿಕ್ಕಿಕೊಂಡು ಮೈಮೇಲೆ ಬೂಷ್ಟು ಹಿಡಿದಂತೆ ಬಿಳಿಯ ಮಂಜು ಕವಿಯುತ್ತದೆ, ನೀಲಿ ಎದೆಯ ಮೇಲಂತೂ ಎದ್ದು ಕಾಣುತ್ತದೆ. ನಾನು ಡಬ್ಬಿಯನ್ನು ತಂದಿಟ್ಟಿದ್ದೇನೆ, ಮುಚ್ಚಳ ತೆಗೆದಿಲ್ಲ. ದೀಪಾವಳಿ ಕಳೆದು ಅಂಗಳದಲ್ಲಿ ಅಡಿಕೆ ಹರವುವಂಥ ಬಿಸಿಲು ಬಿದ್ದ ಮೇಲೆ ಹುಡುಗ ಮತ್ತೆ ಬರುತ್ತೇನೆಂದಿದ್ದಾನೆ. ಅಲ್ಲಿಯವರೆಗೆ ಗನ್‌ಡಮ್ ತನ್ನ ತಲೆಯನ್ನೂ ಎಡಗೈಯನ್ನೂ ಮರಳಿ ಪಡೆದು, ಬಿಸಿಲಿಗೆ ಬಿಳಿ ಪ್ಲಾಸ್ಟಿಕ್ ಹಳದಿಯಾಗದಂತೆ ಕಿಟಕಿಯಿಂದ ದೂರದ ಕಪಾಟಿನಲ್ಲಿ, ಬಣ್ಣದ ಡಬ್ಬಿಗಳ ನಡುವೆ ನಿಂತಿರುತ್ತದೆ.